ನನ್ನಿಂದಾದೀತು ಎಂಬ ಶ್ರದ್ಧೆ: ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಬಾಳು



ನಮ್ಮ ಒಕ್ಕಲು ಮಗ ಬಲು ದೊಡ್ಡ ನಂಬಿಗಸ್ತ. ಬಾರದ ಮಳೆಯನ್ನು ನಂಬಿ ಬೀಜ ಬಿತ್ತುತ್ತಾನೆ. ಮುದಿಯಾದ ಎತ್ತನ್ನು ನಂಬಿ ನೇಗಿಲು ಹೂಡುತ್ತಾನೆ. ಒಂದು ವರ್ಷ ಬೆಳೆ ಕೈಕೊಟ್ಟರೂ ಭೂಮಿತಾಯಿಯನ್ನು ಬಿಟ್ಟುಕೊಡುವುದಿಲ್ಲ. ಮರುವರ್ಷ ಮತ್ತೆ ಕೂರಿಗೆ ಹೂಡುತ್ತಾನೆ. ಆದರೆ ಅದೇ ಮನೆಯ ಮಗ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದರೆ ಸಾಕು, ಇವನಿಂದ ಏನೂ ಆಗುವುದಿಲ್ಲವೆಂದು ಹತ್ತು ಜನರ ಎದುರಿಗೇ ಹೇಳಿಬಿಡುತ್ತಾನೆ. ಭೂಮಿಗೆ ಕೊಟ್ಟಷ್ಟು ಅವಕಾಶವನ್ನು ಮಗನಿಗೆ ಕೊಡುವುದಿಲ್ಲ. ಕೇಳಿಸಿಕೊಂಡ ಹುಡುಗನೂ ಅದನ್ನೇ ನಂಬುತ್ತಾನೆ. ಅಂದಿನಿಂದ ಅವನ ಕೈಗೆ ಬಲವಿದ್ದರೂ ಮನಸ್ಸಿಗೆ ಬಲವಿರುವುದಿಲ್ಲ.

ದೇವರನ್ನು ನಂಬುವುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ದೇವರು ತಮ್ಮೊಳಗೆ ಇಟ್ಟಿರುವ ಶಕ್ತಿಯನ್ನು ನಂಬುವುದನ್ನು ಕಲಿಸುವುದಿಲ್ಲ. ನನ್ನಿಂದಾದೀತು ಎಂಬ ಭರವಸೆ ಹುಟ್ಟುತ್ತಲೇ ಬರುವಂಥದ್ದಲ್ಲ. ಹಣ ಕೊಟ್ಟರೆ ಸಿಗುವಂಥದ್ದೂ ಅಲ್ಲ. ಅದು ಹೇಗೆ ಮೊಳೆಯುತ್ತದೆ, ಯಾರ ಕೈಯಿಂದ ನೀರು ಪಡೆಯುತ್ತದೆ, ಎಂದು ಫಲ ಕೊಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸ್ಥಾಪಕರಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಬಾಳನ್ನು ನಾವು ನೆನೆಯಬೇಕು. ಅವರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. 1995ರಲ್ಲಿ ಬಂದ ಚಲನಚಿತ್ರವನ್ನು ನೋಡಿ ಕಣ್ಣೀರು ಹಾಕಿದವರೂ ಬಹಳ ಮಂದಿ. ಆದರೆ ಆ ಬಾಳಿನಲ್ಲಿ ನಮ್ಮ ಮನೆಮನೆಗೂ ಬೇಕಾದ ಪಾಠವೊಂದಿದೆ. ಇಂದು ಅದನ್ನಷ್ಟೇ ಚಿಂತಿಸೋಣ.

ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅಂದು ಅದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಇಂದು ಹಾವೇರಿ ಜಿಲ್ಲೆಗೆ ಸೇರಿದೆ. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಮಗುವಿಗೆ ಕಣ್ಣಿರಲಿಲ್ಲ. ಒಡಹುಟ್ಟಿದ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಬಡತನದ ಜಂಗಮರ ಮನೆ. ಆ ತಾಯಿಯ ಒಡಲು ಎಷ್ಟು ಬೆಂದಿರಬೇಕು ಎಂಬುದನ್ನು ಹೆತ್ತವರೇ ಬಲ್ಲರು.

ಆ ಕಾಲದಲ್ಲಿ ಹಳ್ಳಿಯ ಅಂಧ ಮಗುವಿನ ಮುಂದಿದ್ದ ದಾರಿ ಯಾವುದು? ಶಾಲೆಯ ಬಾಗಿಲು ಅದಕ್ಕಿರಲಿಲ್ಲ. ಹೊಲಮನೆಯ ಕೆಲಸಕ್ಕೆ ಯಾರೂ ಕರೆಯುತ್ತಿರಲಿಲ್ಲ. ಮನೆಯ ಮೂಲೆಯಲ್ಲಿ ಕೂರುವುದು, ಇಲ್ಲವೆ ಯಾರದೋ ಕೋಲು ಹಿಡಿದು ಮನೆಮನೆಯ ಮುಂದೆ ನಿಲ್ಲುವುದು. ಜನರು ನಿರ್ದಯಿಗಳಾಗಿದ್ದರು ಎಂದು ನಾವು ಹೇಳುತ್ತಿಲ್ಲ. ಕೈಯೆತ್ತಿ ನೀಡುತ್ತಿದ್ದರು, ಅಯ್ಯೋ ಪಾಪ ಎನ್ನುತ್ತಿದ್ದರು. ಆದರೆ ಆ ಅಯ್ಯೋ ಪಾಪದ ಒಳಗೆ ಒಂದು ತೀರ್ಪು ಅಡಗಿತ್ತು. ಈ ಮಗು ಪಡೆಯುವುದಕ್ಕೆ ಹುಟ್ಟಿದೆ, ಕೊಡುವುದಕ್ಕಲ್ಲ ಎಂಬ ತೀರ್ಪು. ಹಸಿವು ಹೊಟ್ಟೆಯನ್ನು ಸುಡುತ್ತದೆ; ಇಂಥ ತೀರ್ಪು ಆತ್ಮವನ್ನೇ ಸುಡುತ್ತದೆ.

ಕಣ್ಣು ಕೊಡದ ಶಿವನು ಈ ಸೋದರರಿಗೆ ಕಿವಿಯನ್ನೂ ಕಂಠವನ್ನೂ ಧಾರಾಳವಾಗಿ ಕೊಟ್ಟಿದ್ದನು. ಕೇಳಿದ್ದನ್ನು ಹಾಗೆಯೇ ಒಪ್ಪಿಸುವ ಶಕ್ತಿ ಅವರಿಗಿತ್ತು. ಆದರೆ ಕಂಠವಿದ್ದ ಮಾತ್ರಕ್ಕೆ ಗವಾಯಿಯಾಗುವುದಿಲ್ಲ; ಮಣ್ಣಿದ್ದ ಮಾತ್ರಕ್ಕೆ ಬೆಳೆ ಬಂದೀತೆ? ಬಿತ್ತುವ ಕೈ ಬೇಕು. ಆ ಕೈ ಹಾನಗಲ್ಲಿನಿಂದ ಬಂತು.

ಹಾನಗಲ್ಲ ವಿರಕ್ತಮಠದ ಪರಮಪೂಜ್ಯ ಕುಮಾರ ಶಿವಯೋಗಿಗಳನ್ನು ನಮ್ಮ ಸಮಾಜ ಮರೆಯುವಂತಿಲ್ಲ. 1867ರಲ್ಲಿ ಅವತರಿಸಿ 1930ರಲ್ಲಿ ಲಿಂಗೈಕ್ಯರಾದ ಆ ಮಹಾನುಭಾವರು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಕಟ್ಟಿದರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಅಂಥ ಮಹತ್ಕಾರ್ಯಗಳ ನಡುವೆಯೂ ಇಬ್ಬರು ಅಂಧ ಬಾಲಕರ ಕಂಠ ಅವರ ಕಿವಿಗೆ ಬಿತ್ತು. ಜನರು ಇಲ್ಲದ ಕಣ್ಣನ್ನು ನೋಡುತ್ತಿದ್ದರು, ಪೂಜ್ಯರು ಇದ್ದ ಕಂಠವನ್ನು ನೋಡಿದರು. ಜನರು ಭಿಕ್ಷೆ ನೀಡುತ್ತಿದ್ದರು, ಪೂಜ್ಯರು ವಿದ್ಯೆಯ ಹೊಣೆ ನೀಡಿದರು. ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಕಲಿಯಲು ಏರ್ಪಾಡು ಮಾಡಿದರು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಆ ಹೊತ್ತಿಗೆ ಬಾಲಕ ಗದಿಗೆಯ್ಯನಿಗೆ ತನ್ನಲ್ಲಿ ನಂಬಿಕೆ ಇದ್ದಿರಲು ಹೇಗೆ ಸಾಧ್ಯ? ನಂಬಲು ಅವನ ಬಳಿ ಆಧಾರವೇನಿತ್ತು? ಏನನ್ನೂ ಸಾಧಿಸಿರಲಿಲ್ಲ. ತನ್ನಂಥವರು ಸಾಧಿಸಿದ್ದನ್ನು ಕೇಳಿಯೂ ಇರಲಿಲ್ಲ. ಅವನು ನಂಬಿದ್ದು ತನ್ನನ್ನಲ್ಲ, ಗುರುವನ್ನು. ಗುರು ತನ್ನಲ್ಲಿ ನಂಬಿಕೆ ಇಟ್ಟಿದ್ದಾರೆ, ಗುರುವಿನ ಮಾತು ಸುಳ್ಳಾಗದು ಎಂಬುದಷ್ಟೇ ಅವನ ಬಂಡವಾಳ. ಮೊದಲ ನಂಬಿಕೆ ಯಾವಾಗಲೂ ಕಡ ತಂದ ನಂಬಿಕೆಯೇ. ಹೊಸದಾಗಿ ಸಂಸಾರ ಹೂಡಿದವನು ನೆರೆಮನೆಯಿಂದ ಬೆಂಕಿ ತಂದು ತನ್ನ ಒಲೆ ಹೊತ್ತಿಸಿಕೊಳ್ಳುತ್ತಿದ್ದ ಕಾಲವನ್ನು ಹಿರಿಯರು ಕಂಡಿದ್ದೀರಿ. ಹಾಗೆಯೇ ಇದು. ಬೆಂಕಿ ಇನ್ನೊಬ್ಬರದು, ಒಲೆ ನಮ್ಮದು.

ನಮ್ಮ ಧರ್ಮದ ದೀಕ್ಷಾವಿಧಿಯಲ್ಲಿಯೂ ಇದೇ ತತ್ತ್ವವಿದೆ. ಗುರುವು ಶಿಷ್ಯನ ಅಂಗೈಯಲ್ಲಿ ಇಷ್ಟಲಿಂಗವನ್ನಿಡುತ್ತಾನೆ. ಇನ್ನೂ ಏನನ್ನೂ ಸಾಧಿಸದ, ಎಳೆಯ ಕೈ ಅದು. ಅರ್ಹತೆ ಬಂದ ಮೇಲೆ ಕೊಡುತ್ತೇನೆ ಎಂದು ಗುರು ಹೇಳುವುದಿಲ್ಲ. ಈ ಕೈ ಲಿಂಗವನ್ನು ಹಿಡಿಯಬಲ್ಲದು ಎಂದು ಮೊದಲು ತಾನು ನಂಬುತ್ತಾನೆ. ಆ ನಂಬಿಕೆಗೆ ತಕ್ಕಂತೆ ಶಿಷ್ಯನು ಬೆಳೆಯುತ್ತಾನೆ. ಷಟ್‌ಸ್ಥಲದ ಮೊದಲ ಮೆಟ್ಟಿಲಾದ ಭಕ್ತಸ್ಥಲಕ್ಕೆ ಹಿರಿಯರು ಶ್ರದ್ಧಾಭಕ್ತಿ ಎಂದು ಹೆಸರಿಟ್ಟರು. ಎಲ್ಲ ಸಾಧನೆಯೂ ಶ್ರದ್ಧೆಯಿಂದಲೇ ಆರಂಭ.

ಆದರೆ ಶ್ರದ್ಧೆಯೊಂದೇ ಸಾಲದು. ಕಡ ತಂದದ್ದನ್ನು ಸ್ವಂತ ಗಳಿಕೆಯಾಗಿ ಮಾಡಿಕೊಳ್ಳಬೇಕು. ಅದಕ್ಕಾಗಿಯೇ ಎರಡನೆಯ ಮೆಟ್ಟಿಲಾದ ಮಹೇಶಸ್ಥಲಕ್ಕೆ ನಿಷ್ಠಾಭಕ್ತಿಯನ್ನು ಹೇಳಿದ್ದಾರೆ. ಸಂಗೀತ ಕಲಿತವರಿಗೆ ಈ ಮಾತು ಬೇಗ ತಿಳಿಯುತ್ತದೆ. ಕರ್ನಾಟಕ ಸಂಗೀತದ ಪಾಠ ಏಳು ಸ್ವರಗಳಿಂದ ತೊಡಗುತ್ತದೆ. ಮೊದಲು ಸರಳೆ ವರಸೆ, ಆಮೇಲೆ ಜಂಟಿ ವರಸೆ, ಆಮೇಲೆ ಏಳು ತಾಳಗಳ ಅಲಂಕಾರ. ಅದು ಮುಗಿದ ಮೇಲೆ ಗೀತೆ, ವರ್ಣ, ಕೃತಿ. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗುವಂತಿಲ್ಲ. ಮೊದಲ ಕಾಲದಲ್ಲಿ ಹಾಡಿದ್ದನ್ನು ಎರಡನೆಯ ಕಾಲದಲ್ಲಿ, ಬಳಿಕ ಮೂರನೆಯ ಕಾಲದಲ್ಲಿ ಹಾಡಬೇಕು. ಹಿಂದಿನವರು ಬಲು ಜಾಣತನದಿಂದ ಈ ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ಪ್ರತಿ ಮೆಟ್ಟಿಲೂ ಕಾಲಿಗೆ ಎಟಕುವಷ್ಟೇ ಎತ್ತರ. ಪ್ರತಿ ಮೆಟ್ಟಿಲೇರಿದಾಗಲೂ ಕಲಿಯುವವನಿಗೆ ಒಂದು ಸಾಕ್ಷಿ ಸಿಗುತ್ತದೆ. ನಿನ್ನೆ ಬಾರದ್ದು ಇಂದು ಬಂತು. ಇಂದು ಬಾರದ್ದು ನಾಳೆ ಬಂದೀತು. ಈ ಸಾಕ್ಷಿ ಯಾರ ಹೊಗಳಿಕೆಯಿಂದಲೂ ಬಂದದ್ದಲ್ಲ. ತನ್ನ ಗಂಟಲೇ ತನಗೆ ಕೊಟ್ಟ ಸಾಕ್ಷಿ. ಕಣ್ಣಿದ್ದವನು ಬರೆದಿಟ್ಟುಕೊಂಡು ನೋಡಬಹುದು. ಅಂಧನಾದವನು ಎಲ್ಲವನ್ನೂ ನೆನಪಿನಲ್ಲಿಯೇ ಕಟ್ಟಿಕೊಳ್ಳಬೇಕು. ಗದಿಗೆಯ್ಯನು ಹಾಗೆ ಕಟ್ಟಿಕೊಂಡನು.

ನಡುವೆ ವಿಧಿ ಒಂದು ಪೆಟ್ಟು ಕೊಟ್ಟಿತು. ಜೊತೆಯಲ್ಲಿಯೇ ಹಾಡಿ ಬೆಳೆದಿದ್ದ ಗುರುಬಸಯ್ಯನು ಅಕಾಲದಲ್ಲಿ ಶಿವನ ಪಾದ ಸೇರಿದನು. ಕಣ್ಣಿಲ್ಲದವನಿಗೆ ಒಡಹುಟ್ಟಿದವನ ದನಿಯೇ ದಿಕ್ಕು. ಆ ದನಿ ನಿಂತಿತು. ಕೈಚೆಲ್ಲಿ ಕೂತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಗದಿಗೆಯ್ಯನವರ ಒಳಗೆ ನಿಷ್ಠೆ ಬೇರುಬಿಟ್ಟಿತ್ತು. ಗುರುವಿನ ಆಜ್ಞೆಯಂತೆ ಮೈಸೂರಿಗೆ ಹೋಗಿ ಅಲ್ಲಿ ಕರ್ನಾಟಕ ಸಂಗೀತದ ಅಭ್ಯಾಸವನ್ನು ಮುಂದುವರಿಸಿದರು. ಹಾನಗಲ್ಲ ಸೀಮೆಯ ಹುಡುಗನಿಗೆ ಅಂದಿನ ಮೈಸೂರು ಪರರಾಜ್ಯ. ಊರು ಹೊಸದು, ಜನ ಹೊಸಬರು, ಆಡುವ ಮಾತಿನ ರೀತಿಯೂ ಬೇರೆ. ಹೆಜ್ಜೆಹೆಜ್ಜೆಗೂ ಇನ್ನೊಬ್ಬರ ಕೈ ಹಿಡಿಯಬೇಕಾದ ಸ್ಥಿತಿ. ಅಲ್ಲಿ ವರ್ಷಗಟ್ಟಲೆ ನಿಂತು ವಿದ್ಯೆ ಗಳಿಸಿದರು.

ಇದಕ್ಕಿಂತ ದೊಡ್ಡ ಪರೀಕ್ಷೆ ಮುಂದೆ ಬಂತು. ಕರ್ನಾಟಕ ಸಂಗೀತದಲ್ಲಿ ಪಾಂಡಿತ್ಯ ಪಡೆದ ಮೇಲೆ ಹಿಂದುಸ್ತಾನಿ ಸಂಗೀತವನ್ನೂ ಕಲಿಯುವ ಸಂದರ್ಭ ಒದಗಿತು. ಗ್ವಾಲಿಯರ್ ಘರಾಣೆಯ ಹಿರಿಯ ಗಾಯಕರಾದ ಮಿರಜಿನ ನೀಲಕಂಠಬುವಾ ಅವರಲ್ಲಿ ಕಲಿತರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರ ಮಾರ್ಗದರ್ಶನವನ್ನೂ ಪಡೆದರು. ವಿದ್ಯೆಯ ಮುಂದೆ ಮತದ ಗೋಡೆ ನಿಲ್ಲಲಿಲ್ಲ. ಒಂದು ಪದ್ಧತಿಯಲ್ಲಿ ಪಂಡಿತನಾದವನು ಇನ್ನೊಂದು ಪದ್ಧತಿಯಲ್ಲಿ ಮತ್ತೆ ಷಡ್ಜ ಹಿಡಿದು ಕೂರುವುದು ಸಾಮಾನ್ಯವಲ್ಲ. ಕಂಠಕ್ಕೆ ಅಂಟಿದ ಗಮಕದ ರೀತಿಯನ್ನು ಬದಿಗಿಟ್ಟು, ವಿಲಂಬಿತ ಖ್ಯಾಲಿನ ನಿಧಾನದ ಬಡ್ಹತ್ತನ್ನು ಮೊದಲಿನಿಂದ ಸಾಧಿಸಬೇಕು. ಪಂಡಿತನೆಂಬ ಬಿರುದನ್ನು ಹೊಸ್ತಿಲಾಚೆ ಬಿಟ್ಟು ಶಿಷ್ಯನಾಗಿ ಒಳಗೆ ಬರಬೇಕು.

ಅಹಂಕಾರಕ್ಕೂ ಆತ್ಮವಿಶ್ವಾಸಕ್ಕೂ ಇರುವ ಭೇದ ಇಲ್ಲಿಯೇ ತಿಳಿಯುತ್ತದೆ. ಅಹಂಕಾರಿಯು ತನಗೆ ಎಲ್ಲ ಬರುತ್ತದೆ ಎನ್ನುತ್ತಾನೆ. ಆದ್ದರಿಂದ ಕಲಿಯಲು ನಾಚುತ್ತಾನೆ. ಆತ್ಮವಿಶ್ವಾಸಿಯು ತನಗೆ ಬಾರದು, ಆದರೆ ಕಲಿತರೆ ಬಂದೀತು ಎನ್ನುತ್ತಾನೆ. ಆದ್ದರಿಂದ ಎಷ್ಟು ಸಲವಾದರೂ ಮೊದಲಿನಿಂದ ತೊಡಗುತ್ತಾನೆ. ಒಮ್ಮೆ ಬಾವಿ ತೋಡಿ ನೀರು ಕಂಡವನಿಗೆ ಎರಡನೆಯ ಬಾವಿ ತೋಡುವಾಗ ಕಲ್ಲು ಸಿಕ್ಕರೂ ಧೈರ್ಯ ಕೆಡುವುದಿಲ್ಲ. ಕೆಳಗೆ ನೀರಿದೆಯೆಂಬುದು ಅವನಿಗೆ ಅನುಭವದಿಂದ ಗೊತ್ತು. ಹೀಗೆ ಎರಡು ಪದ್ಧತಿಗಳನ್ನೂ ಕರಗತ ಮಾಡಿಕೊಂಡ ಗವಾಯಿಗಳನ್ನು ಜನರು ಉಭಯಗಾನ ವಿಶಾರದರೆಂದು ಕರೆದರು. ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನು ಪಂಚಾಕ್ಷರಿ ಗವಾಯಿಗಳಾದನು.

ಇಷ್ಟಕ್ಕೇ ಅವರ ಬಾಳು ಮುಗಿದಿದ್ದರೆ ಒಬ್ಬ ದೊಡ್ಡ ಗಾಯಕನ ಕಥೆಯಾಗುತ್ತಿತ್ತು. ಅವರು ಬೇಕೆಂದಿದ್ದರೆ ಯಾವುದಾದರೂ ಸಂಸ್ಥಾನದ ಆಶ್ರಯದಲ್ಲಿ ಸುಖವಾಗಿರಬಹುದಿತ್ತು. ಆದರೆ ಗುರುವಿನಿಂದ ಪಡೆದ ಕಡವನ್ನು ತೀರಿಸುವ ಬಗೆ ಅದಲ್ಲವೆಂದು ಅವರು ಬಲ್ಲರು. ಕುಮಾರ ಶಿವಯೋಗಿಗಳ ಅಪ್ಪಣೆಯಂತೆ ಅಂಧರಿಗೂ ಅನಾಥರಿಗೂ ಸಂಗೀತವಿದ್ಯೆ ಕೊಡುವ ವ್ರತ ಹಿಡಿದರು. ಮದುವೆ ಮಾಡಿಕೊಳ್ಳಲಿಲ್ಲ, ಸ್ವಂತಕ್ಕೆಂದು ಆಸ್ತಿ ಮಾಡಲಿಲ್ಲ. ಸಂಚಾರಿ ಸಂಗೀತ ಪಾಠಶಾಲೆಯನ್ನು ಕಟ್ಟಿಕೊಂಡು ಊರೂರು ತಿರುಗಿದರು. ಒಂದು ಊರಿನ ಮಠದಲ್ಲಿ ಕೆಲವು ದಿನ, ಇನ್ನೊಂದು ಊರಿನ ಗುಡಿಯಲ್ಲಿ ಕೆಲವು ದಿನ. ಭಕ್ತರು ಕೊಟ್ಟ ಜೋಳ, ಭಕ್ತರು ಕೊಟ್ಟ ಬಟ್ಟೆ. ಜಾತಿಮತ ಕೇಳದೆ ಮಕ್ಕಳನ್ನು ಸೇರಿಸಿಕೊಂಡರು. ಪಾಠಕ್ಕೆ ಹಣವಿಲ್ಲ, ಊಟಕ್ಕೆ ಹಣವಿಲ್ಲ. ಬಾಯಿಗಳು ಹೆಚ್ಚಿದಂತೆ ಭಾರವೂ ಹೆಚ್ಚಿತು. ಮಕ್ಕಳ ಅನ್ನಕ್ಕಾಗಿ ಜೋಳಿಗೆ ಹಿಡಿದರು. ನಾಟಕ ಮಂಡಳಿಯನ್ನೂ ನಡೆಸಿದರು. ಕಷ್ಟನಷ್ಟಗಳು ಬಂದವು, ಸಾಲವೂ ಬಂತು. ಕಡೆಗೆ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದುಗಿನಲ್ಲಿ ನೆಲೆ ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ.

ಆ ಆಶ್ರಮಕ್ಕೆ ಬಂದ ಅಂಧ ಮಗುವಿನ ಮನಸ್ಸನ್ನು ಸ್ವಲ್ಪ ಊಹಿಸಿ ನೋಡಿರಿ. ಅದುವರೆಗೆ ಆ ಮಗು ತನ್ನ ಬಗೆಗೆ ಕೇಳಿದ್ದು ಅಯ್ಯೋ ಪಾಪ ಎಂಬ ಮಾತನ್ನೇ. ಇಲ್ಲಿ ಒಳಗೆ ಕಾಲಿಟ್ಟರೆ ಎದುರಿಗೆ ಕುಳಿತ ಗುರುವೂ ಅಂಧ. ಆ ಗುರುವಿನ ಹಾಡನ್ನು ಕೇಳಲು ಕಣ್ಣಿದ್ದವರು ಹತ್ತಾರು ಹರದಾರಿ ನಡೆದು ಬರುತ್ತಿದ್ದಾರೆ. ಪಕ್ಕದಲ್ಲಿ ತಬಲಾ ನುಡಿಸುವ ಹುಡುಗನೂ ತನ್ನಂಥವನೇ. ಸಾವಿರ ಉಪದೇಶ ಮಾಡದ ಕೆಲಸವನ್ನು ಆ ಒಂದು ದೃಷ್ಟಾಂತ ಮಾಡುತ್ತಿತ್ತು. ಕಣ್ಣಿದ್ದ ಪಂಡಿತನು ನಿನ್ನಿಂದಾದೀತು ಎಂದರೆ ಮಗುವಿನ ಮನಸ್ಸಿನ ಮೂಲೆಯಲ್ಲಿ ಸಂಶಯ ಉಳಿಯುತ್ತದೆ, ಇವರಿಗೇನು, ಕಣ್ಣಿದೆ ಎಂದು. ಅಂಧನಾದ ಗುರು ಹೇಳಿದಾಗ ಸಂಶಯಕ್ಕೆ ಎಡೆಯೇ ಇಲ್ಲ. ಗದಿಗೆಯ್ಯನಿಗೆ ಸಿಗದಿದ್ದ ಈ ಭಾಗ್ಯವನ್ನು ಪಂಚಾಕ್ಷರಿ ಗವಾಯಿಗಳು ತಮ್ಮ ಶಿಷ್ಯರಿಗೆ ತಮ್ಮ ಬಾಳಿನಿಂದಲೇ ಒದಗಿಸಿದರು.

ಹಾಗೆ ಬಂದ ಮಕ್ಕಳಲ್ಲಿ ಒಬ್ಬನು ಹಾನಗಲ್ಲ ತಾಲ್ಲೂಕಿನ ದೇವಗಿರಿಯ ಪುಟ್ಟಯ್ಯ. 1914ರಲ್ಲಿ ಹುಟ್ಟಿದ ಆ ಕೂಸು ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡಿತು. ಸೋದರಮಾವನ ಆಸರೆಯಲ್ಲಿ ಬೆಳೆಯಿತು. ಹಾರ್ಮೋನಿಯಂ ಮೇಲೆ ಮಗುವಿನ ಬೆರಳಾಡುವುದನ್ನು ಕಂಡ ಆ ಮಾವನು ಅದನ್ನು ಗವಾಯಿಗಳ ಮಡಿಲಿಗೆ ಹಾಕಿದನು. ಆ ಮಾವನ ಕಣ್ಣೂ ದೊಡ್ಡದು, ಭಕ್ತರೇ. ಮಗುವಿನ ಕೈ ಎತ್ತ ಹರಿಯುತ್ತದೆ ಎಂಬುದನ್ನು ನೋಡುವ ಹಿರಿಯನೊಬ್ಬ ಮನೆಯಲ್ಲಿದ್ದರೆ ಅದೇ ಅರ್ಧ ಭಾಗ್ಯ.

ಗವಾಯಿಗಳು ಪುಟ್ಟಯ್ಯನಿಗೆ ಎರಡೂ ಪದ್ಧತಿಯ ಗಾಯನ ಕಲಿಸಿದರು; ವಾದ್ಯಗಳನ್ನು ಕಲಿಯುವ ಏರ್ಪಾಡು ಮಾಡಿದರು; ಸಾಹಿತ್ಯದ ಕಡೆಗೂ ಮನಸ್ಸು ಹರಿಸಿದರು. ಗುರುಕುಲದ ಕ್ರಮವೇ ಹೀಗೆ. ದೊಡ್ಡ ಹುಡುಗನು ಚಿಕ್ಕವನಿಗೆ ಪಾಠ ಹೇಳಬೇಕು. ಸಭೆಯಲ್ಲಿ ಗುರುವಿನ ಹಿಂದೆ ಕುಳಿತು ತಂಬೂರಿ ಮೀಟಬೇಕು. ಕೆಲವು ದಿನದ ಮೇಲೆ ಗುರುವಿನೊಡನೆ ಒಂದು ಸಾಲು ಹಾಡಬೇಕು. ಆಮೇಲೊಂದು ದಿನ ತಾನೊಬ್ಬನೇ ಹಾಡಬೇಕು. ಹೊಣೆ ಸ್ವಲ್ಪ ಸ್ವಲ್ಪವಾಗಿ ಹೆಗಲಿಗೆ ಬರುತ್ತದೆ. ಒಮ್ಮೆಲೇ ಬಂದರೆ ಹೆಗಲು ಮುರಿದೀತು. ಎಂದೂ ಬಾರದಿದ್ದರೆ ಹೆಗಲು ಬೆಳೆಯದು. ಕಣ್ಣಿದ್ದ ಮಕ್ಕಳೂ ಗವಾಯಿಗಳ ನೆರಳಿನಲ್ಲಿ ಬೆಳೆದರು. ಕಿರಾಣಾ ಘರಾಣೆಯ ಗಾಯಕರಾಗಿ ನಾಡಿನಾಚೆಗೂ ಹೆಸರು ಪಡೆದ ಬಸವರಾಜ ರಾಜಗುರು, ಗಾಯಕರಾದ ಅರ್ಜುನಸಾ ನಾಕೋಡ ಮೊದಲಾದವರು ಅವರ ಶಿಷ್ಯರೇ.

ಇನ್ನೊಂದು ಗುಟ್ಟೂ ಆ ಬಾಳಿನಲ್ಲಿದೆ. ಗವಾಯಿಗಳು ಶಿವಪೂಜಾನಿಷ್ಠರು. ಸಭೆಗೆ ಹೊರಟವನ ಎದೆ ಡವಗುಟ್ಟುವುದು ಸಹಜ. ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ನಡುಗಿದ್ದನ್ನು ಕಂಡು ಇದು ನನ್ನಿಂದಾಗದು ಎಂದು ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ನಿತ್ಯವೂ ಅಂಗೈಯ ಲಿಂಗದಲ್ಲಿ ಮನವನ್ನು ನಿಲ್ಲಿಸಿ ಅಭ್ಯಾಸವಾದವನಿಗೆ ಆ ನಡುಕವನ್ನು ತಣಿಸುವ ದಾರಿ ಗೊತ್ತಿರುತ್ತದೆ. ಪ್ರಸಾದಿಸ್ಥಲದಲ್ಲಿ ಹೇಳಿದ ಅವಧಾನವೆಂದರೆ ಇದೇ. ತಾನು ಗೆಲ್ಲುವೆನೋ ಸೋಲುವೆನೋ ಎಂಬ ಚಿಂತೆಯನ್ನು ಬಿಟ್ಟು ಹಿಡಿದ ಸ್ವರದಲ್ಲಿಯೇ ಮನವಿಡುವುದು. ಫಲವನ್ನು ಶಿವನಿಗೆ ಒಪ್ಪಿಸಿದವನ ಕೈ ನಡುಗುವುದು ಕಡಿಮೆ. ಹೀಗೆ ಶ್ರದ್ಧೆಯಿಂದ ನಿಷ್ಠೆ, ನಿಷ್ಠೆಯಿಂದ ಅವಧಾನ, ಅವಧಾನದಿಂದ ಅನುಭವ. ಅನುಭವವಾದ ಮೇಲೆ ನಂಬಿಕೆಯನ್ನು ಯಾರೂ ಹೊರಗಿನಿಂದ ಹೇಳಿಕೊಡಬೇಕಾಗಿಲ್ಲ.

1944ರ ಜೂನ್ ತಿಂಗಳಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ತುಂಬ ಅಂಧ, ಅನಾಥ ಮಕ್ಕಳು. ಇನ್ನು ಇದು ನಡೆದೀತೆ ಎಂಬ ಪ್ರಶ್ನೆ ಎದ್ದಿರಲೇಬೇಕು. ಮೂವತ್ತು ವರ್ಷದ ಪುಟ್ಟರಾಜರು ಆ ಭಾರಕ್ಕೆ ಹೆಗಲು ಕೊಟ್ಟರು. 2010ರ ಸೆಪ್ಟೆಂಬರ್‌ನಲ್ಲಿ ಲಿಂಗೈಕ್ಯರಾಗುವವರೆಗೆ, ಅಂದರೆ 66 ವರ್ಷಗಳ ಕಾಲ, ಅವರು ಆ ಭಾರವನ್ನು ಇಳಿಸಲಿಲ್ಲ. ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಅನೇಕ ವಾದ್ಯಗಳನ್ನು ನುಡಿಸಿದರು. ಸಾವಿರಾರು ಮಕ್ಕಳಿಗೆ ಅನ್ನವಿಟ್ಟು ವಿದ್ಯೆ ಕೊಟ್ಟರು. 2010ರಲ್ಲಿ ಭಾರತ ಸರಕಾರ ಪದ್ಮಭೂಷಣ ನೀಡಿ ಗೌರವಿಸಿತು. ಹಾನಗಲ್ಲಿನ ಪೂಜ್ಯರು ಒಬ್ಬ ಅಂಧ ಬಾಲಕನಲ್ಲಿ ಇಟ್ಟ ನಂಬಿಕೆ ಹೀಗೆ ಒಂದು ಒಲೆಯಿಂದ ಇನ್ನೊಂದು ಒಲೆಗೆ ಬೆಂಕಿಯಾಗಿ ಹೋಯಿತು. ಹಂಚಿದಷ್ಟೂ ಕಡಿಮೆಯಾಗದ ದಾಸೋಹವಿದು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಂಬಿಕೆಯಿಂದ ಗವಾಯಿಗಳಿಗೆ ಕಣ್ಣು ಬರಲಿಲ್ಲ. ಬಯಸಿದ್ದೆಲ್ಲ ಬಯಸಿದಂತೆ ಆಗುತ್ತದೆಂದು ನಾವು ಹೇಳಿದರೆ ಅದು ಸುಳ್ಳಾಗುತ್ತದೆ. ಇಲ್ಲದ್ದನ್ನು ಇಲ್ಲವೆಂದು ಒಪ್ಪಿ, ಇರುವುದನ್ನು ಪೂರ್ಣವಾಗಿ ದುಡಿಸಿಕೊಂಡದ್ದೇ ಅವರ ಹಿರಿಮೆ. ಅಭ್ಯಾಸವಿಲ್ಲದವನಿಗೆ ಬರಿಯ ಹೊಗಳಿಕೆ ಸುರಿದರೆ ನಂಬಿಕೆ ಬೆಳೆಯುವುದಿಲ್ಲ. ಬಿತ್ತದ ಹೊಲಕ್ಕೆ ನೀರು ಹಾಯಿಸಿದರೆ ಕಳೆ ಬೆಳೆದೀತು ಅಷ್ಟೆ.

ಹಿರಿಯರಾದ ನಿಮ್ಮಲ್ಲಿ ನಮ್ಮ ವಿನಂತಿ ಇಷ್ಟೇ. ಮಠಕ್ಕೆ ಬಂದಾಗ ನೀವು ಮೊಮ್ಮಕ್ಕಳನ್ನು ಮುಂದೆ ನಿಲ್ಲಿಸಿ, ಇವನು ದಡ್ಡ, ಇವಳಿಗೆ ಲೆಕ್ಕ ಬರುವುದಿಲ್ಲ ಎಂದು ಹೇಳುತ್ತೀರಿ. ತಲೆ ತಗ್ಗಿಸಿ ನಿಂತ ಆ ಕೂಸಿನ ಮುಖವನ್ನು ನೀವು ನೋಡುವುದಿಲ್ಲ. ಎದುರಿಗೆ ಕುಳಿತ ನಾವು ನೋಡುತ್ತೇವೆ. ಇನ್ನು ಮುಂದೆ ಹಾಗೆನ್ನಬೇಡಿರಿ. ಆ ಮಗುವಿನಲ್ಲಿ ಇರುವುದೇನೆಂದು ಮೊದಲು ನೋಡಿರಿ. ಅದರ ಕೈಗೆ ಎಟಕುವ ಒಂದು ಕೆಲಸ ಕೊಡಿರಿ. ಅದು ಮುಗಿದ ಮೇಲೆ ಸ್ವಲ್ಪ ದೊಡ್ಡದನ್ನು ಕೊಡಿರಿ. ಅದರಂಥದೇ ಸ್ಥಿತಿಯಿಂದ ಮೇಲೆ ಬಂದವರನ್ನು ತೋರಿಸಿರಿ. ಸೋತು ಬಂದ ದಿನ ಬಯ್ಯದೆ ಉಣಬಡಿಸಿ, ಮರುದಿನ ಮತ್ತೆ ಕೆಲಸಕ್ಕೆ ಹಚ್ಚಿರಿ. ಊರಿನಲ್ಲಿ ಕಣ್ಣಿಲ್ಲದ, ಕಾಲಿಲ್ಲದ ಮಗುವಿದ್ದರೆ ಅಯ್ಯೋ ಪಾಪ ಎಂದು ಮುಂದೆ ಹೋಗಬೇಡಿರಿ. ಅದಕ್ಕೆ ವಿದ್ಯೆಯ ದಾರಿ ತೋರಿಸಿರಿ. ನಿಮ್ಮ ಮನೆಯ ಒಲೆಯಲ್ಲಿ ಬೆಂಕಿಯಿದೆ. ಕೇಳಿ ಬಂದ ಕೂಸಿಗೆ ಒಂದು ಕೆಂಡ ಕೊಡಿರಿ.

ಗಾನಯೋಗಿಗಳ ಕೃಪೆ ನಿಮ್ಮೆಲ್ಲರ ಮಕ್ಕಳ ಮೇಲಿರಲಿ. ಸರ್ವರಿಗೂ ಸನ್ಮಂಗಳವಾಗಲಿ.